ಬನಶಂಕರಿಯ ಜಾತ್ರೆಯಲ್ಲಿ ಒಂದು ದಿನ

ಉತ್ತರ ಕರ್ನಾಟಕದ ಜಾತ್ರೆಗಳನ್ನು ಎಣಿಸತೊಡಗಿದರೆ ಮೊದಲ ಸಾಲಿನಲ್ಲಿಯೇ ಬರುವ ಹೆಸರು ಬನಶಂಕರಿಯ ಜಾತ್ರೆಯದು. ಬಾಗಲಕೋಟೆ ಜಿಲ್ಲೆಯ ಬಾದಾಮಿಯಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿ, ಚೊಳಚಗುಡ್ಡವೆಂಬ ಗ್ರಾಮದ ಸೀಮೆಯಲ್ಲಿ ಈ ಕ್ಷೇತ್ರವಿದೆ. ಹಿಂದೆ ಇದು ತಿಲಕಾರಣ್ಯವೆಂಬ ಬನವಾಗಿತ್ತೆಂದೂ, ಬನದ ನಡುವೆ ನೆಲೆಸಿದುದರಿಂದಲೇ ದೇವಿಗೆ ಬನಶಂಕರಿಯೆಂಬ ಹೆಸರು ಬಂದಿತೆಂದೂ ಹೇಳುವರು. ಬಾದಾಮಿಯ ಚಾಲುಕ್ಯರ ಕಾಲದಿಂದ ಪೂಜೆಗೊಳ್ಳುತ್ತ ಬಂದ ಸ್ಥಾನವಿದು. ಈಗ ಕಾಣುವ ದೇವಾಲಯ ಮಾತ್ರ 1750ರಲ್ಲಿ ಮರಾಠ ಸರದಾರನೊಬ್ಬನು ಕಟ್ಟಿಸಿದುದು. ಗುಡಿಯ ಮುಂದೆ ಹರಿದ್ರಾತೀರ್ಥವೆಂಬ ವಿಶಾಲವಾದ ಹೊಂಡ, ಅದರ ಅಂಚಿಗೆ ಕಲ್ಲಿನ ಸಾಲುಮಂಟಪಗಳು, ದಂಡೆಯ ಮೇಲೆ ಎತ್ತರವಾದ ದೀಪಸ್ತಂಭ. ದೇವಿಗೆ ಶಾಕಂಭರಿಯೆಂಬ ಇನ್ನೊಂದು ಹೆಸರುಂಟು. ಬರಗಾಲದಲ್ಲಿ ಕಾಯಿಪಲ್ಲೆಗಳನ್ನು ಕೊಟ್ಟು ಜನರ ಪ್ರಾಣ ಉಳಿಸಿದವಳೆಂಬ ಕಥೆಗೆ ತಕ್ಕಂತೆ, ರಥೋತ್ಸವದ ಹಿಂದಿನ ದಿನ 108 ಬಗೆಯ ಕಾಯಿಪಲ್ಲೆಯ ನೈವೇದ್ಯ ನಡೆಯುತ್ತದೆ. ಅದಕ್ಕೆ ಪಲ್ಲೇದ ಹಬ್ಬವೆಂದು ಹೆಸರು. ಮರುದಿನ ಪುಷ್ಯ ಶುದ್ಧ ಹುಣ್ಣಿಮೆ. ನಮ್ಮ ಸೀಮೆಯವರ ಬಾಯಲ್ಲಿ ಬನದ ಹುಣ್ಣಿಮೆ. ಅಂದು ತೇರು ಸಾಗುತ್ತದೆ. ತೇರಿನ ಹಗ್ಗವನ್ನು ರೋಣ ತಾಲೂಕಿನ ಮಾಡಲಗೇರಿಯವರು ಹಳಿಬಂಡಿಯಲ್ಲಿ ಹೇರಿಕೊಂಡು ತರುವ ಸಂಪ್ರದಾಯ ಇಂದಿಗೂ ತಪ್ಪಿಲ್ಲ.

ಇಷ್ಟಲಿಂಗವನ್ನು ಕೊರಳಲ್ಲಿ ಧರಿಸಿದವರು ದೇವಿಯ ಜಾತ್ರೆಗೆ ಹೋಗುವುದೇಕೆಂದು ನಮ್ಮ ಓದುಗರಲ್ಲಿ ಕೆಲವರು ಹುಬ್ಬೇರಿಸಬಹುದು. ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಶಾಸ್ತ್ರಜ್ಞರಲ್ಲ, ನಮ್ಮ ಸೀಮೆಯ ತಾಯಂದಿರು. ಬಳೆ, ರೊಟ್ಟಿಯ ಹಂಚು, ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ, ಮನೆಯ ಬಾಗಿಲು, ಹೊಲದ ಎತ್ತು ಇವೆಲ್ಲವೂ ಒಂದೇ ಬಯಲಿನಲ್ಲಿ ದೊರೆಯುವಾಗ ಜಾತ್ರೆಗೆ ಜಾತಿ-ಮತಗಳ ಲೆಕ್ಕ ಉಳಿಯುವುದಿಲ್ಲ. ತೇರು ಸಾಗಿದ ಮೇಲೂ ವಾರಗಟ್ಟಲೆ ಬಯಲು ತುಂಬಿರುತ್ತದೆ. ಸುಗ್ಗಿಯ ಹೊಸ್ತಿಲಲ್ಲಿರುವ ಒಕ್ಕಲು ಮನೆತನಗಳು ವರ್ಷಕ್ಕೊಮ್ಮೆ ಗಂಟು ಬಿಚ್ಚುವ ಕಾಲವದು. ತೇರಿನ ನೂಕುನುಗ್ಗಲು ತಗ್ಗಿದ ನಾಲ್ಕನೆಯ ದಿನ ನಾವು ಸಂಸಾರಸಮೇತ ಅಲ್ಲಿಗೆ ಹೋಗಿದ್ದೆವು. ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು ಜೊತೆಗಿದ್ದರು. ಮೊಮ್ಮಕ್ಕಳಿಗೆ ತೊಟ್ಟಿಲುಗಳ ಚಿಂತೆ, ಮಗಳಿಗೆ ಖಣದ ಚಿಂತೆ, ಅಳಿಯಂದಿರಿಗೆ ಕುಸ್ತಿಯ ಚಿಂತೆ. ನಮಗೆ, ಮುಚ್ಚಿಟ್ಟು ಪ್ರಯೋಜನವಿಲ್ಲ, ರೊಟ್ಟಿಯ ಚಿಂತೆ.

ಬನಶಂಕರಿಯ ರೊಟ್ಟಿ-ಪಲ್ಯದ ಖ್ಯಾತಿಯನ್ನು ಕೇಳದವರಾರು? ಹೊಂಡದ ದಂಡೆಯ ಮೇಲೆ, ಮರಗಳ ನೆರಳಿನಲ್ಲಿ, ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿಗಳನ್ನು ಇಳಿಸಿ ಕುಳಿತಿರುತ್ತಾರೆ. ಬಿಳಿಯ ಬಟ್ಟೆಯಡಿ ಪದರು ಪದರಾಗಿ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಹಪ್ಪಳದಂತೆ ಒಣಗಿದ ಜೋಳದ ಕಟಕ ರೊಟ್ಟಿ. ಬೋಗುಣಿಯಲ್ಲಿ ಬದನೆಯ ಎಣ್ಣೆಗಾಯಿ, ಮಡಕೆಕಾಳಿನ ಪಲ್ಯ, ಕೆಂಪು ಮೆಣಸಿನ ಚಟ್ನಿ, ಗುರೆಳ್ಳಿನ ಹಿಂಡಿ. ಮಣ್ಣಿನ ಕುಡಿಕೆಯಲ್ಲಿ ಬೆರಳಿಟ್ಟರೆ ಕುಸಿಯದ ಗಟ್ಟಿ ಮೊಸರು. ಮಣೆಯಿಲ್ಲ, ಮೇಜಿಲ್ಲ. ರೊಟ್ಟಿಯೇ ತಾಟು. ಅಂಗೈಯಲ್ಲಿ ಅಗಲಿಸಿ ಹಿಡಿದ ರೊಟ್ಟಿಯ ಮೇಲೆಯೇ ಆ ತಾಯಿ ಪಲ್ಯ ಬಡಿಸುತ್ತಾಳೆ. ಕೊನೆಗೆ ತಾಟನ್ನೂ ತಿಂದು ಕೈತೊಳೆದರಾಯಿತು. ನಮಗೆ ಬಡಿಸಿದ ವೃದ್ಧೆಯನ್ನು ಎಷ್ಟು ಹೊತ್ತಿಗೆ ಎದ್ದೆಯವ್ವ ಎಂದು ಕೇಳಿದೆವು. ಎರಡು ತಾಸು ರಾತ್ರಿ ಇರುವಾಗಲೇ ಒಲೆ ಹೊತ್ತಿಸಿದ್ದಳಂತೆ. ಬಡಿದ ರೊಟ್ಟಿ ಎರಡು ನೂರರ ಮೇಲೆ. “ಬುಟ್ಟಿ ಬರಿದಾದ್ರ ಜಾತ್ರಿ ಮುಗೀತ್ರೀ ನಮ್ಮದು” ಎಂದಳು. ಎಷ್ಟು ರೊಟ್ಟಿಗೆ ಎಷ್ಟು ಹಿಟ್ಟು, ಎಷ್ಟು ಕಟ್ಟಿಗೆ, ಎಷ್ಟು ಬಸ್ ಚಾರ್ಜು ಎಂಬ ಲೆಕ್ಕ ಆಕೆಯ ನಾಲಗೆಯ ತುದಿಯಲ್ಲಿತ್ತು. ಕಾಯಕವೆಂಬ ಶಬ್ದವನ್ನು ವೇದಿಕೆಗಳ ಮೇಲೆ ನಾವು ಎಷ್ಟೋ ಸಲ ಬಳಸಿದ್ದೇವೆ. ಆ ಬುಟ್ಟಿಯ ಮುಂದೆ ಅದನ್ನು ಉಚ್ಚರಿಸುವ ಅಗತ್ಯ ಕಾಣಲಿಲ್ಲ.

ಊಟ, ಮಲ್ಲಯುದ್ಧ, ದ್ಯೂತ ಈ ಮೂರೂ ಒಂದೇ ಬಯಲಿನಲ್ಲಿ ಸೇರುವುದು ಇಂದಿನ ಮಾತಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಈ ಮೂರಕ್ಕೂ ಸ್ಥಾನವಿದೆ. 5 ವಿಂಶತಿಗಳು, ಒಟ್ಟು 100 ಅಧ್ಯಾಯಗಳ ಆ ವಿಶ್ವಕೋಶದಲ್ಲಿ ರಾಜನ ಅಡುಗೆಮನೆಯ ತಿನಿಸುಗಳ ವಿವರವಿದೆ. ಇಂದಿನ ಇಡ್ಲಿ, ದೋಸೆ, ವಡೆಗಳ ಪೂರ್ವಜರನ್ನು ಪಂಡಿತರು ಅಲ್ಲಿ ಗುರುತಿಸಿದ್ದಾರೆ. ಮಲ್ಲರನ್ನು ಸಾಕುವ, ಜೊತೆಗೂಡಿಸುವ ಬಗೆಯೂ ಇದೆ, ಕೋಳಿಕಾಳಗವಿದೆ, ಪಗಡೆ, ಕವಡೆಗಳ ಆಟವೂ ಇದೆ. ಬಸವಣ್ಣನವರು ಕಲ್ಯಾಣಕ್ಕೆ ಬರುವುದಕ್ಕೆ ಸ್ವಲ್ಪ ಮುಂಚಿನ ಅರಮನೆಯ ಬದುಕು ಹೀಗಿತ್ತು. ಅರಸನಿಗೆ ಇವೆಲ್ಲ ವಿನೋದ. ಸೋತರೆ ಭಂಡಾರಕ್ಕೆ ಬಾಧೆಯಿಲ್ಲ. ಅದೇ ಆಟ ಎರಡೆಕರೆ ಒಣಬೇಸಾಯದವನ ಕೈಗೆ ಬಂದಾಗ ಏನಾಗುವುದೆಂದು ಆ ಗ್ರಂಥ ಹೇಳುವುದಿಲ್ಲ. ಅದು ಅದರ ವಿಷಯವೂ ಅಲ್ಲ.

ಊಟವಾದ ಮೇಲೆ ಜಾತ್ರೆಯ ಬಯಲನ್ನು ದಾಟಿ, ಚೊಳಚಗುಡ್ಡದ ಆಚೆಗಿರುವ ಒಂದು ಹಳ್ಳಿಯ ಹೊಲಕ್ಕೆ ಹೋದೆವು. ಅಂದು ಅಲ್ಲಿ ತೆರಬಂಡಿಯ ಸ್ಪರ್ಧೆ ಹಾಗೂ ಕುಸ್ತಿಗಳಿದ್ದುವು. ತೆರಬಂಡಿಯನ್ನು ಕಾಣದ ದಕ್ಷಿಣದ ಓದುಗರಿಗಾಗಿ ಒಂದು ಮಾತು: ಬಂಡಿಯ ಗಾಲಿಗಳನ್ನು ಉರುಳದಂತೆ ಬಿಗಿದು ಕಟ್ಟಿರುತ್ತಾರೆ. ಅಂಥ ಬಂಡಿಯನ್ನು ನಿಗದಿಯಾದ ವೇಳೆಯಲ್ಲಿ ಯಾವ ಜೋಡಿ ಎತ್ತು ಹೆಚ್ಚು ದೂರ ಎಳೆಯುವುದೋ ಅದಕ್ಕೆ ಬಹುಮಾನ. ಇಲ್ಲಿ ಓಟದ ಚೆಲುವಿಲ್ಲ, ಅಂಗುಲ ಅಂಗುಲವಾಗಿ ನೆಲವನ್ನು ಗೆಲ್ಲುವ ಸೆಣಸಾಟವಿದೆ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು ಹಾಗೂ ಎತ್ತಿನ ಗಾಡಿಯ ಓಟಗಳನ್ನು ನಿಷೇಧಿಸಿದಾಗ ನಮ್ಮ ಸೀಮೆಯಲ್ಲಿಯೂ ಕಳವಳವೆದ್ದಿತ್ತು. ಮುಂದೆ ಕರ್ನಾಟಕ, ತಮಿಳುನಾಡು, ಮಹಾರಾಷ್ಟ್ರ ರಾಜ್ಯಗಳು ಮಾಡಿಕೊಂಡ ತಿದ್ದುಪಡಿಗಳನ್ನು ಐವರು ನ್ಯಾಯಮೂರ್ತಿಗಳ ಪೀಠವು 2023ರ ಮೇ 18ರಂದು ಎತ್ತಿಹಿಡಿಯಿತು. ಎತ್ತನ್ನು ಮಗನಂತೆ ಸಾಕುವ ಒಕ್ಕಲಿಗನಿಗೆ ಇದು ಸಮಾಧಾನ ತಂದಿತು. ಆದರೆ ಬಾರುಕೋಲಿನ ಪೆಟ್ಟು ಲೆಕ್ಕ ತಪ್ಪಿದಾಗ ಆ ಸಮಾಧಾನ ನಮಗೆ ಉಳಿಯುವುದಿಲ್ಲ. ಅಂದು ಒಬ್ಬ ಹಿರಿಯ ರೈತನು ತನ್ನ ಜೋಡಿ ಮೊಣಕಾಲೂರಿದಾಗ, ವೇಳೆ ಇನ್ನೂ ಉಳಿದಿರುವಾಗಲೇ, ನೊಗ ಕಳಚಿ ಎತ್ತುಗಳ ಬೆನ್ನು ಸವರಿ ಹೊರಗೆ ನಡೆಸಿದನು. ಗೆದ್ದ ಜೋಡಿಗಿಂತ ಹೆಚ್ಚಿನ ಚಪ್ಪಾಳೆ ಅವನಿಗೆ ದೊರೆಯಿತು.

ಕುಸ್ತಿಯ ಕಣವನ್ನು ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಷಿಣ, ನಿಂಬೆರಸ ಬೆರೆಸಿ ಹದಮಾಡಿರುತ್ತಾರೆ. ಆ ಮಣ್ಣಿನ ವಾಸನೆಯೇ ಗರಡಿಯ ವಾಸನೆ. ಮೊದಲಿಗೆ ಎಂಟು-ಹತ್ತು ವರ್ಷದ ಬಾಲಕರು. ಅವರ ಬಹುಮಾನ ಒಂದೊಂದು ತೆಂಗಿನಕಾಯಿ. ಬರಬರುತ್ತ ಪೈಲವಾನರ ಮೈಕಟ್ಟೂ ಬಹುಮಾನದ ಮೊತ್ತವೂ ಹಿಗ್ಗುತ್ತವೆ. ಕಡೆಯ ಜೋಡಿಗೆ ಬೆಳ್ಳಿಯ ಗದೆ. ಜೋಡಿ ಹಚ್ಚುವ ಹಿರಿಯರ ಕಣ್ಣು ತಕ್ಕಡಿಗಿಂತ ಸೂಕ್ಷ್ಮವಾದುದು. ತೂಕದ ಯಂತ್ರವಿಲ್ಲದೆ, ಭುಜ ಮುಟ್ಟಿ ನೋಡಿ ಸರಿಜೋಡಿ ಹಚ್ಚುತ್ತಾರೆ; ಹಚ್ಚಿದ ಜೋಡಿ ಒಪ್ಪದಿದ್ದರೆ ಜನರೇ ಕೂಗಿ ಬಿಡಿಸುತ್ತಾರೆ. ಎರಡೂ ಭುಜ ಮಣ್ಣಿಗೆ ತಾಗಿದರೆ ಚಿತ್. ಅದರ ಮೇಲೆ ಮಾತಿಲ್ಲ. ನಮ್ಮ ಕಿರಿಯ ಮೊಮ್ಮಗನು ತೆಂಗಿನಕಾಯಿ ಗೆದ್ದ ಹುಡುಗನನ್ನೂ ಸೋತ ಹುಡುಗನನ್ನೂ ಬಹಳ ಹೊತ್ತು ಹುಡುಕಿದನು. ಕಡೆಗೆ ಸಿಕ್ಕಾಗ ಇಬ್ಬರೂ ಒಂದೇ ಕಲ್ಲಿನ ಮೇಲೆ ಕುಳಿತು ಆ ಕಾಯಿಯನ್ನು ಒಡೆದು ತಿನ್ನುತ್ತಿದ್ದರು.

ಕಣದ ಅಂಚಿನಲ್ಲಿ ನಿಂತ ಕೆಲವರ ಮುಷ್ಟಿಯಲ್ಲಿ ಮಡಿಚಿದ ನೋಟುಗಳು ಕೈ ಬದಲಾಗುತ್ತಿದ್ದುದನ್ನು ಅಳಿಯಂದಿರು ತೋರಿಸಿದರು. ಮಣ್ಣಿಗಿಳಿಯದವನು ಮಣ್ಣಿಗಿಳಿದವನ ಬೆನ್ನಿನ ಮೇಲೆ ಪಂದ್ಯ ಕಟ್ಟುವುದು ಕಣ್ಣಿಗೆ ಹಿತವಾಗಿರಲಿಲ್ಲ. ಆದರೂ ಅದು ಜಾತ್ರೆಯ ಜೂಜಿನ ಅಂಗಳವಲ್ಲ, ಹೊರಬಾಗಿಲು ಮಾತ್ರ.

ಬಾಗಿಲೆಂದಾಗ ಬನಶಂಕರಿಯ ಇನ್ನೊಂದು ವೈಶಿಷ್ಟ್ಯವನ್ನು ಹೇಳಬೇಕು. ಮನೆಯ ಬಾಗಿಲು-ಚೌಕಟ್ಟುಗಳ ವ್ಯಾಪಾರಕ್ಕೆ ಈ ಜಾತ್ರೆ ಹೆಸರಾದುದು. ಬಯಲಿನ ಒಂದು ಮಗ್ಗುಲಿಗೆ ಕೆತ್ತನೆಯ ಚೌಕಟ್ಟುಗಳು ಗೋಡೆಗಳಿಲ್ಲದ ಮನೆಗಳಂತೆ ಸಾಲಾಗಿ ನಿಂತಿರುತ್ತವೆ. ಹೊಸ ಮನೆ ಕಟ್ಟುವವನು ಹೆಂಡತಿ-ಮಕ್ಕಳೊಡನೆ ಬಂದು, ಪ್ರತಿಯೊಂದು ಚೌಕಟ್ಟಿನೊಳಗೆ ಹಾಯ್ದು ನೋಡಿ, ಬೆಲೆ ಕುದುರಿಸಿ, ಸಂಚಕಾರ ಕೊಟ್ಟು, ತನ್ನ ಊರ ಹೆಸರನ್ನು ಸುಣ್ಣದ ಕಡ್ಡಿಯಿಂದ ಬರೆಯಿಸುತ್ತಾನೆ. ಕುಸ್ತಿ ಮುಗಿಸಿ ಬಂದ ನಾವು ಅಲ್ಲಿ ಕೊಂಚ ಕುಳಿತೆವು. ಪಕ್ಕದ ಚೌಕಟ್ಟಿನ ಹೊಸ್ತಿಲ ಮೇಲೆ ಒಬ್ಬ ತಾಯಿ ಕೂಸನ್ನು ಮಲಗಿಸಿಕೊಂಡು ಕುಳಿತಿದ್ದಳು. ಸಂಚಕಾರ ಕೊಟ್ಟಾಗಿತ್ತು, ಉಳಿದ ಹಣ ಗಂಡನ ಬಳಿಯಿತ್ತು, ಟ್ರ್ಯಾಕ್ಟರು ಗೊತ್ತುಮಾಡಿ ಬರುವೆನೆಂದು ಹೋದವನು ಎರಡು ತಾಸಾದರೂ ಬಂದಿರಲಿಲ್ಲ. ಬಾಗಿಲಿನ ವ್ಯಾಪಾರಿ ನಮ್ಮ ಕಿವಿಯಲ್ಲಿ ಮಾತ್ರ ಹೇಳಿದನು: “ಟ್ರ್ಯಾಕ್ಟರು ಈ ಕಡೆ ಅದಾವ್ರೀ. ಅವ ಹೋಗಿದ್ದು ಆ ಕಡೆ.”

ಆ ಕಡೆ ಏನಿದೆಯೆಂದು ನಾವೂ ಹೋಗಿ ನೋಡಿದೆವು. ಡೇರೆಗಳ ಹಿಂದೆ, ಜಾಲಿಗಿಡಗಳ ಮರೆಯಲ್ಲಿ, ಒಂದು ಹಾಸು. ಅದರ ಮೇಲೆ ಆರು ಚಿತ್ರಗಳು: ಇಸ್ಪೀಟಿನ ನಾಲ್ಕು ಬಣ್ಣ, ಒಂದು ಕಿರೀಟ, ಒಂದು ಜಂಡಾ. ಅವೇ ಆರು ಚಿತ್ರಗಳಿರುವ ಮೂರು ದಾಳಗಳನ್ನು ಡಬ್ಬಿಯಲ್ಲಿ ಕುಲುಕಿ ಬೋರಲು ಹಾಕುತ್ತಾರೆ. ಹಣ ಇಟ್ಟ ಚಿತ್ರ ಒಂದು ದಾಳದಲ್ಲಿ ಬಂದರೆ ಇಟ್ಟಷ್ಟೇ ಲಾಭ, ಎರಡರಲ್ಲಿ ಬಂದರೆ ಎರಡರಷ್ಟು, ಮೂರರಲ್ಲಿ ಬಂದರೆ ಮೂರರಷ್ಟು. ಕೇಳಿದವರಿಗೆ ಇದು ನ್ಯಾಯವಾಗಿಯೇ ತೋರುತ್ತದೆ. ಚಿತ್ರಗಳು ಆರು, ದಾಳಗಳು ಮೂರು. ಅರ್ಧಕ್ಕರ್ಧ ಗೆಲುವು ನಮ್ಮದೇ ಅಲ್ಲವೇ, ಮೇಲಾಗಿ ಜೋಡಿ ಬಿದ್ದರೆ ಲಾಭವೇ ಅಲ್ಲವೇ ಎಂದು ಎಣಿಸುವುದು ಸಹಜ. ಮಠದ ಪಾಠಶಾಲೆಯಲ್ಲಿ ಛಂದಸ್ಸಿನ ಪ್ರಸ್ತಾರ ಹಾಕಿ ಗುರು-ಲಘುಗಳ ಭೇದಗಳನ್ನೆಣಿಸಿದ ಅಭ್ಯಾಸ ನಮಗೆ ಇಲ್ಲಿ ಒದಗಿಬಂತು. ಮೂರು ದಾಳಗಳು ಬೀಳುವ ಬಗೆಗಳು ಒಟ್ಟು 216. ಅವುಗಳಲ್ಲಿ ನಾವು ಹಣ ಇಟ್ಟ ಚಿತ್ರ ಒಂದರಲ್ಲಿಯೂ ಬಾರದವು 125, ಒಂದೇ ದಾಳದಲ್ಲಿ ಬರುವವು 75, ಎರಡರಲ್ಲಿ 15, ಮೂರರಲ್ಲಿಯೂ ಬರುವುದು 1. ಪ್ರತಿಸಲವೂ 10 ರೂಪಾಯಿ ಇಟ್ಟರೆ 125 ಸಲ ಹೋಗುವುದು 1,250. ಉಳಿದ 91 ಸಲ ಬರುವುದು 750, 300 ಮತ್ತು 30, ಕೂಡಿ 1,080. ಎಂದರೆ 170 ರೂಪಾಯಿ ಹಾಸಿನವನ ಪಾಲು. ದಾಳಗಳು ಪ್ರಾಮಾಣಿಕವಾಗಿದ್ದಾಗಿನ ಲೆಕ್ಕವಿದು; ಪ್ರಾಮಾಣಿಕವಾಗಿರಲೇಬೇಕೆಂದು ಜಾಲಿಗಿಡದ ಮರೆಯಲ್ಲಿ ಕೇಳುವವರಾರು?

ಈ ಲೆಕ್ಕದಿಂದ ಯಾರೂ ಒಂದೇ ದಿನದಲ್ಲಿ ದಿವಾಳಿಯಾಗಬೇಕಿಲ್ಲ, ನಿಜ. ಆದರೆ 10 ರೂಪಾಯಿ ಇಡುವವನು ಹತ್ತರಲ್ಲಿಯೇ ನಿಲ್ಲುವುದಿಲ್ಲ. ಕಳೆದುದನ್ನು ಮರಳಿ ಪಡೆಯಲು ಇಪ್ಪತ್ತು, ಐವತ್ತು, ನೂರು ಎಂದು ಏರಿಸುತ್ತಾನೆ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನ ಪ್ರಲಾಪವೇ ಒಂದು ಸೂಕ್ತವಾಗಿದೆ. ಹೆಂಡತಿಯ ದೂರು, ಮನೆಯವರ ನಿರಾಕರಣೆ ಎಲ್ಲವೂ ಅದರಲ್ಲಿವೆ. ಕೌಟಿಲ್ಯನಾದರೋ ದ್ಯೂತವನ್ನು ರಾಜಾಧಿಕಾರಿಯ ಕಣ್ಗಾವಲಿನಲ್ಲಿಟ್ಟು, ಗೆದ್ದ ಹಣದಲ್ಲಿ ನೂರಕ್ಕೆ ಐದನ್ನು ವಸೂಲು ಮಾಡಿಸಿದನು. ಸರ್ಕಾರಗಳ ಮನಸ್ಸು ಅಂದಿನಿಂದಲೂ ಹೀಗೆ ಎರಡಾಗಿಯೇ ಇದೆ. 1963ರ ಪೊಲೀಸ್ ಕಾಯಿದೆಯಲ್ಲಿ ಬಹಿರಂಗ ಜೂಜಾಟ ಅಪರಾಧ. ಆದರೆ ನಮ್ಮ ರಾಜ್ಯದಲ್ಲಿ ಲಾಟರಿಯು 2007ರವರೆಗೂ ರಾಜಮಾರ್ಗದಲ್ಲಿಯೇ ನಡೆಯಿತು. ಆಗ ಇದೇ ಜಾತ್ರೆಯ ದಾರಿಯಲ್ಲಿ ಮೈಕು ಹಚ್ಚಿ ಟಿಕೇಟು ಮಾರುತ್ತಿದ್ದವರ ಕೂಗು ದೇವಾಲಯದ ಘಂಟೆಯನ್ನು ಮೀರಿಸುತ್ತಿತ್ತು.

ನಾವು ನಿಂತಿದ್ದ ಹಾಗೆಯೇ ಎಲ್ಲಿಂದಲೋ ಒಂದು ಸಿಳ್ಳು ಕೇಳಿಬಂತು. ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಹಾಸು ಮಡಿಚಿತು, ಜನ ಚದುರಿದರು. ಆ ಗುಂಪಿನಲ್ಲಿದ್ದವರೆಲ್ಲ ಗಂಡಸರು, ಪ್ರತಿಯೊಬ್ಬನೂ ಒಬ್ಬಂಟಿ. ಅಂದು ನಮ್ಮ ಮನಸ್ಸಿಗೆ ನಾಟಿದ ಸಂಗತಿ ಇದೇ. ಜಾತ್ರೆಯಲ್ಲಿ ಉಳಿದುದೆಲ್ಲವನ್ನೂ ಮನೆಯವರು ಕೂಡಿಯೇ ಮಾಡುತ್ತಾರೆ. ರೊಟ್ಟಿಯನ್ನು ಮುರಿದು ಹಂಚಿಕೊಳ್ಳುತ್ತಾರೆ; ಖಣವನ್ನು ಅತ್ತೆ-ಸೊಸೆಯರು ಬಿಸಿಲಿಗೆ ಹಿಡಿದು ನೋಡುತ್ತಾರೆ; ಎತ್ತಿನ ಹಲ್ಲನ್ನು ತಂದೆ-ಮಗ ಎಣಿಸುತ್ತಾರೆ; ಕುಸ್ತಿಯಲ್ಲಿ ಊರಿಗೆ ಊರೇ ಕೂಗುತ್ತದೆ. ಹಾಸಿನ ಬಳಿಗೆ ಮಾತ್ರ ಮನುಷ್ಯನು ಮನೆಯವರನ್ನು ಎಲ್ಲಿಯೋ ಕೂಡಿಸಿ, ಏನೋ ನೆಪ ಹೇಳಿ ಹೋಗುತ್ತಾನೆ.

ಮರಳಿ ಬರುವಾಗ ಮೊಮ್ಮಕ್ಕಳು ಉಂಗುರ ಎಸೆಯುವ ಅಂಗಡಿಯ ಮುಂದೆ ನಿಂತುಬಿಟ್ಟರು. ಐದು ಉಂಗುರ, ಬಿದ್ದ ವಸ್ತು ನಿಮ್ಮದು. ಸಾಬೂನು, ಬಾಚಣಿಗೆ, ನಡುವೆ ಒಂದು ಗಡಿಯಾರ. ಗಡಿಯಾರವಿಟ್ಟ ಕಟ್ಟಿಗೆ ಉಂಗುರಕ್ಕಿಂತ ಕೂದಲೆಳೆಯಷ್ಟು ಮಾತ್ರ ಕಿರಿದು. “ಅಜ್ಜಾ, ಇದೂ ಜೂಜೇ ಏನು?” ಎಂದು ಹಿರಿಯವನು ಕೇಳಿದನು. ನ್ಯಾಯಾಲಯಗಳು ಇಂಥ ಕಡೆ ಕೌಶಲದ ಆಟ, ಅದೃಷ್ಟದ ಆಟವೆಂದು ವಿಂಗಡಿಸುತ್ತವೆ. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕುದುರೆಯ ಓಟವನ್ನು ಕೌಶಲದ ಪಂಕ್ತಿಯಲ್ಲಿ ಕೂಡಿಸಿತು. ಮಕ್ಕಳಿಗೆ ಇಷ್ಟನ್ನು ವಿವರಿಸುವುದೆಂತು? ಒಂದೇ ಸಲ, ಎರಡನೆಯ ಸಲ ಕೇಳಬಾರದು ಎಂಬ ಕಟ್ಟಳೆಯ ಮೇಲೆ ಹಣ ಕೊಟ್ಟೆವು. ನಮ್ಮ ಮನೆಯವರು ಜೊತೆಯಲ್ಲಿದ್ದರೆ ಆ ಒಂದು ಸಲವೂ ಬೇಡವೆನ್ನುತ್ತಿದ್ದರು. ಅವನಿಗೆ ಬಾಚಣಿಗೆ ಬಂತು. ಎರಡನೆಯ ಸಲ ಕೇಳಿದನು, ಕೊಡಲಿಲ್ಲ, ಅತ್ತನು. ಜಿಲೇಬಿಯ ಅಂಗಡಿ ಎದುರಿಗೇ ಇದ್ದುದು ದೈವಕೃಪೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಗಿಲಿನ ಸಾಲನ್ನು ಹಾಯ್ದು ಬಂದೆವು. ಆ ಚೌಕಟ್ಟು ಅಲ್ಲಿಯೇ ಇತ್ತು. ಊರ ಹೆಸರೂ ಇತ್ತು. ತಾಯಿ-ಕೂಸು ಇರಲಿಲ್ಲ. ವ್ಯಾಪಾರಿಯು ನಾವು ಕೇಳುವ ಮೊದಲೇ ಹೇಳಿದನು: “ಬಂದಿದ್ನ್ರೀ, ಬರಿಗೈಲೆ. ಸಂಚಕಾರ ನನ್ನ ಹಂತೇಕನ ಇರಲಿ ಅಂದ್ಲು ಆಕಿ. ಬರೂ ಬನದ ಹುಣ್ಣಿವಿಗೆ ಒಯ್ತಾರಂತ.” ಚೌಕಟ್ಟನ್ನು ಬೇರೆಯವರಿಗೆ ಕೊಡುವೆಯಾ ಎಂದೆವು. ಕೊಡಬೇಕಾಗ್ತದ್ರೀ ಎಂದು, ಸ್ವಲ್ಪ ಹೊತ್ತು ಬಿಟ್ಟು, ಇನ್ನೊಂದು ಅಂಥದೇ ಮಾಡಿದರಾಯಿತು ಎಂದನು. ಕಟ್ಟಿಗೆಯ ಕೆಲಸದವನಿಗೆ ಆ ಹೆಂಗಸಿನ ಮಾತಿನ ಮೇಲಿದ್ದ ನಂಬುಗೆಯನ್ನು ಕಂಡು ನಾವು ಸುಮ್ಮನಾದೆವು.

ಬಸ್ ನಿಲ್ದಾಣದಲ್ಲಿ ಕುಳಿತಾಗ ಒಂದು ದೃಶ್ಯ ಕಂಡಿತು. ನಮ್ಮೆದುರಿನ ಒಂದು ಸಂಸಾರ ಬುತ್ತಿ ಬಿಚ್ಚಿತ್ತು. ತಾಯಿ ರೊಟ್ಟಿ ಚಾಚಿದರೆ ಮಗನು ನೋಡದೆಯೇ ಕೈಯೊಡ್ಡಿ ತೆಗೆದುಕೊಂಡನು, ಕಣ್ಣು ಮೊಬೈಲಿನಲ್ಲಿ. ಅವನು ಹಾಡು ಕೇಳುತ್ತಿದ್ದನೋ, ಪತ್ರ ಓದುತ್ತಿದ್ದನೋ, ನಾವು ಇಣುಕಲಿಲ್ಲ. ಆದರೆ ಈ ಕೆಲವು ವರ್ಷಗಳಲ್ಲಿ ಹಣ ಕಟ್ಟಿ ಆಡುವ ಇಸ್ಪೀಟು, ಕ್ರಿಕೆಟ್ ಪಂದ್ಯಗಳು ಆ ಪುಟ್ಟ ಗಾಜಿನೊಳಗೆ ಬಂದು ನಮ್ಮ ಪರಿಚಯದ ಎಷ್ಟು ಮನೆಗಳಲ್ಲಿ ಹೊಲ-ಬಂಗಾರಗಳನ್ನು ಒತ್ತೆಗೆ ಹಾಕಿಸಿದುವೆಂಬುದನ್ನು ನಾವು ಬಲ್ಲೆವು. ನಮ್ಮ ರಾಜ್ಯವು 2021ರಲ್ಲಿ ಇದನ್ನು ತಡೆಯಲು ಕಾಯಿದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯವು ಅದರ ಮುಖ್ಯ ಅಂಶಗಳನ್ನು ರದ್ದುಗೊಳಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ ಎಂದು ನೋಡದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳೆಲ್ಲವನ್ನೂ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಜಾಲಿಗಿಡದ ಮರೆಯ ಹಾಸು ವರ್ಷಕ್ಕೊಮ್ಮೆ ಬಿಚ್ಚುತ್ತಿತ್ತು, ಸಿಳ್ಳಿಗೆ ಮಡಿಚುತ್ತಿತ್ತು. ಅಲ್ಲಿಗೆ ಹೋಗಲು ಮನೆಯವರನ್ನು ಬಿಟ್ಟು ಏಳಬೇಕಾಗಿತ್ತು. ಇದಕ್ಕಾದರೆ ಏಳುವುದೂ ಬೇಡ. ತಾಯಿಯ ರೊಟ್ಟಿಯನ್ನು ಬಲಗೈಯಲ್ಲಿ ಹಿಡಿದೇ ಮನುಷ್ಯನು ಎದ್ದುಹೋಗಿರುತ್ತಾನೆ.

ರಾತ್ರಿಯ ನಾಟಕಗಳ ವಿಷಯ ಬರೆದರೆ ಅದೇ ಇನ್ನೊಂದು ಲೇಖನವಾದೀತು. ವೃತ್ತಿರಂಗಭೂಮಿಯ ಕಂಪನಿಗಳು ಈ ಜಾತ್ರೆಗಾಗಿಯೇ ವರ್ಷವಿಡೀ ಕಾಯುತ್ತವೆ. ಹಲವು ಕಂಪನಿಗಳ ಬದುಕು ಇಲ್ಲಿಯ ಗಲ್ಲಾಪೆಟ್ಟಿಗೆಯಿಂದ ನಡೆಯುತ್ತದೆ. ಬಸವಣ್ಣನವರ ಪಾತ್ರದಿಂದ ಮನೆಮಾತಾದ ಏಣಗಿ ಬಾಳಪ್ಪನವರು (1914–2017) ಇಂಥ ಜಾತ್ರೆಗಳ ಕ್ಯಾಂಪುಗಳಲ್ಲಿಯೇ ಬೆಳೆದವರು.

ಹೋಗಬಯಸುವ ಬಂಧುಗಳಿಗೆ ಕೆಲವು ಸೂಚನೆಗಳು. ಗದಗ–ಸೊಲ್ಲಾಪುರ ರೈಲು ಮಾರ್ಗದಲ್ಲಿ ಬಾದಾಮಿ ನಿಲ್ದಾಣ ಸಿಗುತ್ತದೆ. ಅಲ್ಲಿಂದ ವಾಹನಗಳಿಗೆ ಕೊರತೆಯಿಲ್ಲ. ಚಿಕ್ಕ ಮಕ್ಕಳಿದ್ದವರು ತೇರಿನ ದಿನವನ್ನು ಬಿಟ್ಟು ಮುಂದಿನ ವಾರ ಹೋಗುವುದು ಲೇಸು. ಎತ್ತು ಕೊಳ್ಳುವವರು ತೇರಿನ ಆಸುಪಾಸಿನಲ್ಲಿಯೇ ಹೋಗಬೇಕು. ಬಾಗಿಲು ಕೊಳ್ಳುವವರು ಟ್ರ್ಯಾಕ್ಟರನ್ನು ಊರಿನಿಂದಲೇ ಗೊತ್ತುಮಾಡಿಕೊಂಡು, ಹಣವನ್ನು ಮನೆಯಾಕೆಯ ಕೈಯಲ್ಲಿರಿಸಿ ಬರತಕ್ಕದ್ದು. ರೊಟ್ಟಿಯ ಬುಟ್ಟಿಗಳು ಇಳಿಹೊತ್ತಿಗೆ ಬರಿದಾಗುತ್ತವೆ. ಮಧ್ಯಾಹ್ನ ಹನ್ನೆರಡರೊಳಗೆ ಹೊಂಡದ ದಂಡೆಯನ್ನು ಸೇರಿದರೆ ಸಜ್ಜೆಯ ರೊಟ್ಟಿಯೂ ಕುಡಿಕೆಯ ಮೊಸರೂ ಖಂಡಿತವಾಗಿ ಸಿಗುತ್ತವೆ.